ಮನಿ ನೋಡ್ಲಿಕ್ಕ ರೊಕ್ಕ ಯಾಕ ಕೊಡಬೇಕ್ರಿ?

ಕಲಬುರಗಿಯಲ್ಲಿ ಮೊದಲ ಎರಡು ವರ್ಷ ಈ ಪ್ರಶ್ನೆ ದಿನಾ ಕೇಳಿಸಿಕೊಂಡಿದ್ದೇನೆ. ಕೊಳ್ಳುವ ಮುಂಚೆ ಮನೆ ತಪಾಸಣೆ ಮಾಡಿಕೊಡ್ತೀನಿ, ಫೀ ಇಷ್ಟು ಅಂದರೆ ಜನ ನನ್ನ ಮುಖ ನೋಡುತ್ತಿದ್ದರು. "ನಮ್ಮ ಮಾವ ಗೌಂಡಿ ಅದಾನ, ಅವ್ನೇ ನೋಡ್ತಾನ ಬಿಡ್ರಿ." ಹನ್ನೊಂದು ವರ್ಷ ಯಾರ ಕೈಕೆಳಗೆ ಸೂಪರ್‌ವೈಸರ್ ಆಗಿದ್ದೆನೋ ಆ ಗುತ್ತಿಗೆದಾರರಂತೂ, "ಕಟ್ಟೋದು ಬಿಟ್ಟು ಕಟ್ಟಿದ್ದು ನೋಡೋ ಕಸುಬು ಎಲ್ಲೀದಪಾ?" ಅಂತ ನಾಲ್ಕು ಜನರ ಮುಂದೆ ನಕ್ಕರು. ಹೋದ ದೀಪಾವಳಿ ಮುಗಿದ ಮೇಲೆ ಅವರದೇ ಫೋನು. ಮಗಳಿಗೆ ಸೇಡಂ ರೋಡ್ ಕಡೆ ಹಳೆ ಮನೆಯೊಂದು ನೋಡ್ಯಾರಂತೆ, ಬಂದು ನೋಡಬೇಕಂತೆ. ಫೀ ಮುಂಗಡ ತೆಗೆದುಕೊಂಡೆ. ಒಂದು ರೂಪಾಯಿ ಬಿಡಲಿಲ್ಲ. ಇದನ್ನು ಬರೆಯೋದಕ್ಕೆ ಅರ್ಧ ಕಾರಣ ಅದೇ ಅಂದುಕೊಳ್ಳಿ.

ಇನ್ನರ್ಧ ಕಾರಣ, ಬೀದರ್, ಯಾದಗಿರಿ ಕಡೆಯ ಮೂರ್ನಾಲ್ಕು ಡಿಪ್ಲೊಮಾ ಹುಡುಗರು ಈ ಕೆಲಸ ಹಿಡೀಬೇಕು ಅಂತ ಕೇಳುತ್ತಿದ್ದಾರೆ. ವಳಂಬ ಬಿಡೋದು, ಲೆವೆಲ್ ಪೈಪು ಹಿಡಿಯೋದು, ಟೈಲ್ಸ್ ಬಡಿದು ಪೊಳ್ಳು ಕೇಳೋದು ನಿಮಗೆ ಬರುತ್ತೆ, ಅದನ್ನು ಹೇಳಲ್ಲ. ನನ್ನ ರೊಕ್ಕ ಎಲ್ಲೆಲ್ಲಿ ಹೋಯಿತು ಅಷ್ಟು ಹೇಳ್ತೀನಿ.

ಶುರು ಮಾಡಿದ್ದು 2018ರಲ್ಲಿ. ಮೊದಲ ವರ್ಷ ಹದಿನಾಲ್ಕೋ ಹದಿನೈದೋ ಮನೆ, ಒಂದಕ್ಕೆ 1,500. ಬಂದದ್ದಕ್ಕಿಂತ ಪೆಟ್ರೋಲಿಗೆ, ಸಾಮಾನಿಗೆ ಹೋದದ್ದೇ ಹೆಚ್ಚು. ಗಿರಾಕಿಗಳನ್ನು ಕಳಿಸುತ್ತಿದ್ದವರು ಬ್ರೋಕರ್‌ಗಳು. ಜೇವರ್ಗಿ ರೋಡಿನ ಒಂದು ಮನೆಯಲ್ಲಿ ಪೋರ್ಟಿಕೋ ಬೀಮಿನ ಕೆಳಗೆ ಕಬ್ಬಿಣದ ಸಳಿ ತುಕ್ಕು ಹಿಡಿದು ಹೊರಗೆ ಬಂದಿತ್ತು. ಬ್ರೋಕರ್ ಪಕ್ಕಕ್ಕೆ ಕರೆದು, "ಬೀಮಿನ ಮಾತು ಬರೀಬ್ಯಾಡ್ರಿ ಸರ್, ಬಾಯಿಲೆ ಹೇಳ್ರಿ ಸಾಕು" ಅಂದ. ನಾನು "ಸಣ್ಣ ದುರಸ್ತಿ ಬೇಕಾಗಬಹುದು" ಅಂತ ಬರೆದೆ. ತಪ್ಪು ನನ್ನದೇ. ಮನೆ ಕೊಂಡವರಿಗೆ ಎಂಬತ್ತು ತೊಂಬತ್ತು ಸಾವಿರ ಕೈಬಿಟ್ಟಿತು. ಆಮೇಲೆ ಗಂಜ್ ಮಾರ್ಕೆಟ್ಟಿನಲ್ಲಿ ಎದುರಾದಾಗ ಅವರು ಬೈಯಲಿಲ್ಲ, ಮುಖ ತಿರುಗಿಸಿ ಹೋದರು. ಅವತ್ತೇ ಬ್ರೋಕರ್‌ಗಳ ನಂಬರು ತೆಗೆದುಹಾಕಿದೆ. ಮುಂದಿನ ಐದು ತಿಂಗಳಲ್ಲಿ ಸಿಕ್ಕಿದ್ದು ಎರಡು ಮನೆ.

ಆಗ ಅಕ್ಕನ ಮಗ ಡಲ್ಲಾಸಿನಲ್ಲಿ ಮನೆ ಕೊಳ್ಳುತ್ತಿದ್ದ. ಅಲ್ಲಿ ನಮ್ಮಂಥವರಿಗೆ ಲೈಸೆನ್ಸ್ ಇದೆ ಅಂದ. ಟೆಕ್ಸಾಸಿನಲ್ಲಿ 1985ರಿಂದಲೇ ಇದೆಯಂತೆ. ಪರೀಕ್ಷೆ, ವಿಮೆ, ವರದಿ ಬರೆಯಲು ಸರ್ಕಾರವೇ ಗೊತ್ತು ಮಾಡಿದ ಫಾರ್ಮು. ಎಲ್ಲಾ ರಾಜ್ಯಗಳಲ್ಲಿ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸೇ ಇಲ್ಲ, ಆದರೆ ಕಾನೂನಿದೆ: ತಪಾಸಣೆ ಮಾಡಿದ ಮನೆಯ ದುರಸ್ತಿಯನ್ನು 12 ತಿಂಗಳು ನೀನೇ ಹಿಡಿಯಬಾರದು, ಗಿರಾಕಿ ಕಳಿಸಿದ್ದಕ್ಕೆ ಬ್ರೋಕರ್‌ಗೆ ಏನೂ ಕೊಡಬಾರದು. ಟೆಕ್ಸಾಸಿನ ಫಾರ್ಮಿಗಿಂತ ಈ ಎರಡು ಸಾಲು ನನಗೆ ತಾಗಿದವು. ಲೈಸೆನ್ಸ್ ಕೊಡೋರು ಇಲ್ಲದಿದ್ದರೂ ಇವೆರಡನ್ನು ನನಗೆ ನಾನೇ ಹಾಕಿಕೊಳ್ಳಬಹುದಲ್ಲ.

ನಮ್ಮಲ್ಲಿ ಏನಿದೆ ಅಂತ ಕೇಳಿದರೆ, ಆರ್ಕಿಟೆಕ್ಟ್‌ಗಳಿಗೆ 1972ರ ಕಾಯ್ದೆ, ಅವರದೇ ಕೌನ್ಸಿಲ್ಲು. ಬೆಲೆ ಕಟ್ಟುವ ಮೌಲ್ಯಮಾಪಕರಿಗೆ 2017ರ ನಿಯಮ, ಐಬಿಬಿಐ (ಕೇಂದ್ರದ ದಿವಾಳಿತನ ಮಂಡಳಿ) ನೋಂದಣಿ. ಮನೆ ಕೊಳ್ಳುವವನ ಪರವಾಗಿ ಗೋಡೆ ಬಡಿದು ನೋಡುವವನಿಗೆ ಏನೂ ಇಲ್ಲ. ನಾಳೆ ಬೆಳಿಗ್ಗೆ ಯಾರು ಬೇಕಾದರೂ ಬೋರ್ಡ್ ಹಾಕಬಹುದು. "ಬ್ಯಾಂಕಿನವ್ರು ನೋಡ್ಯಾರಲ್ರಿ" ಅನ್ನೋದು ಜನರ ದೊಡ್ಡ ಧೈರ್ಯ. ಬ್ಯಾಂಕಿನ ವ್ಯಾಲ್ಯುಯೇಟರ್ ನೋಡೋದು ಕೊಟ್ಟ ಸಾಲಕ್ಕೆ ಮನೆಯ ಬೆಲೆ ಸಾಕೋ ಇಲ್ಲವೋ ಅಂತ. ನಿಮ್ಮ ಬಚ್ಚಲ ಸೋರುತ್ತದೋ ಇಲ್ಲವೋ ಅವನ ಲೆಕ್ಕಕ್ಕೆ ಬರಲ್ಲ. ಇನ್ನು ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆ. 2016ರ ಕಾಯ್ದೆಯ 14(3)ರ ಪ್ರಕಾರ ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು. ಆದರೆ 500 ಚದರ ಮೀಟರ್ ದಾಟದ ಜಾಗದ ಅಥವಾ ಎಂಟು ಮನೆ ಮೀರದ ಪ್ರಾಜೆಕ್ಟಿಗೆ ರೇರಾ ನೋಂದಣಿಯೇ ಬೇಕಿಲ್ಲ. ನನಗೆ ಬರುವ ಹತ್ತರಲ್ಲಿ ಎಂಟು ಮನೆ 30×40 ಸೈಟಿನಲ್ಲಿ ಒಬ್ಬ ಮಾಲೀಕ ಕಟ್ಟಿ ಇನ್ನೊಬ್ಬನಿಗೆ ಮಾರುವಂಥವು. ಅಲ್ಲಿ ಕೊಳ್ಳುವವನೇ ಎಚ್ಚರ ಇರಬೇಕು.

ಆ ಮೇಲೆ ನನ್ನ ಪದ್ಧತಿ ಇಷ್ಟೇ ಆಯಿತು: ಫೀ ಕೊಳ್ಳುವವರಿಂದ ಮಾತ್ರ, ಅದೂ ಮುಂಗಡ. ಬ್ರೋಕರ್‌ನಿಂದ ಚಹಾ ಕೂಡ ಇಲ್ಲ. ದುರಸ್ತಿ ಹಿಡಿಯಲ್ಲ, ಗೌಂಡಿಯ ಹೆಸರೂ ಹೇಳಲ್ಲ. ವರದಿ ಕನ್ನಡದಲ್ಲಿ, ಫೋಟೊ ಸಮೇತ, ಕೊನೆ ಪುಟದಲ್ಲಿ ಏನೇನು ನೋಡಿಲ್ಲ ಅನ್ನೋ ಪಟ್ಟಿ. "ಏನ್ ನೋಡಿಲ್ಲ ಅಂತ ಬರ್ಕೊಟ್ರ ಯಾರ್ರಿ ರೊಕ್ಕ ಕೊಡ್ತಾರ?" ಅಂತ ಜೊತೆಗಾರರು ನಕ್ಕರು. ಆ ಕೊನೆ ಪುಟ ತೋರಿಸಿಯೇ ಈಗ ಗಿರಾಕಿ ಬರುತ್ತಿದ್ದಾರೆ.

ಈಗ ಸೀಳಿನ ಮಾತು. ನಮ್ಮದು ಎರಿ ಮಣ್ಣು. ಬ್ಯಾಸಗಿಯಲ್ಲಿ ಒಣಗಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಕೆಳಗಿನ ಗಟ್ಟಿ ಗರಸಿನ ತನಕ ಪಾಯ ಇಳಿಸದ ಮನೆಯಲ್ಲಿ ಕಿಟಕಿ ಮೂಲೆಯಿಂದ ಓರೆ ಸೀಳು ಖಾತ್ರಿ. ಬಚ್ಚಲ ಪೈಪು ಸೋರುವ ಕಡೆ ಮನೆಯ ಒಂದೇ ಮೂಲೆ ಮೇಲೆದ್ದು ಕೂತಿರುತ್ತದೆ. ಸೀಳು ಜೀವಂತ ಇದೆಯೋ, ಹಳೇದಾಗಿ ನಿಂತಿದೆಯೋ ಅನ್ನೋದೇ ಪ್ರಶ್ನೆ. ಪುಸ್ತಕದಲ್ಲಿ ಇದ್ದ ಹಾಗೆ, ಸೀಳು ಅಲುಗಿದರೆ ಒಡೆಯಲಿ ಅಂತ ಗಾಜಿನ ಪಟ್ಟಿ ಅಂಟಿಸಿ ನೋಡಿದೆ. ಆರು ಮನೆಯಲ್ಲಿ ಅಂಟಿಸಿದೆ. ಎರಡು ಕಡೆ ಮಕ್ಕಳು ಕಿತ್ತರು, ಮೂರು ಕಡೆ ಮೇ ತಿಂಗಳ ಬಿಸಿಲಿಗೆ ಅಂಟೇ ಬಿಟ್ಟಿತು, ಒಂದು ಒಡೆಯಿತು, ಅದನ್ನು ಒಡೆದದ್ದು ಸೀಳೋ ಬೆಕ್ಕೋ ಗೊತ್ತಾಗಲಿಲ್ಲ. ಈಗ ಸೀಳಿನ ಆಚೆ ಈಚೆ ಮೂರು ಸಣ್ಣ ಸ್ಕ್ರೂ ಕೂರಿಸಿ ವರ್ನಿಯರ್‌ನಲ್ಲಿ ಅಳೆಯುತ್ತೇನೆ. ಖರ್ಚು ಹದಿನೈದು ರೂಪಾಯಿ. ಮೇ ಕೊನೆಗೊಮ್ಮೆ, ಸೆಪ್ಟೆಂಬರ್ ಕೊನೆಗೊಮ್ಮೆ. ನಮ್ಮ ಸ್ವಂತ ಮನೆಯ ದೇವರ ಕೋಣೆಯಲ್ಲಿ ಒಂದೂವರೆ ಮಿಲಿಮೀಟರ್ ಹೋಗುತ್ತೆ, ಬರುತ್ತೆ. ಸ್ಕ್ರೂ ಎಲ್ಲಿ ಕೂರಿಸಬೇಕು ಅನ್ನೋದರಲ್ಲಿ ಒಂದು ಕೀಲಿ ಇದೆ. ಅದನ್ನು ಇಲ್ಲಿ ಬಿಚ್ಚಲ್ಲ, ಕ್ಷಮಿಸಿ, ಹೊಟ್ಟೆಪಾಡು.

ಮಾರುವವರು ಸೀಳಿಗೆ ಹೇಳುವ ಕಾರಣ ಒಂದೇ: "ಕಿಲ್ಲಾರಿ ಭೂಕಂಪದಾಗ ಆಗಿದ್ದು ಬಿಡ್ರಿ ಅದು." ಮಹಾರಾಷ್ಟ್ರದ ಲಾತೂರ್ ಕಡೆಯ ಆ ಭೂಕಂಪ ಆದದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಆಳಂದ ರೋಡಿನ ಒಂದು ಮನೆಯಲ್ಲೂ ಇದೇ ಮಾತು ಹೇಳಿದರು, ಆ ಮನೆಯ ಪರವಾನಗಿ ಕಾಗದ 2004ರದ್ದು.

ಮಾಳಿಗೆ (ತಾರಸಿ) ಸೋರುತ್ತದೋ ಇಲ್ಲವೋ ಅನ್ನೋ ಪರೀಕ್ಷೆ ಇನ್ನೂ ದುಬಾರಿ ಪಾಠ. ಒಂದಿಂಚು ನೀರು 48 ತಾಸು ನಿಲ್ಲಿಸಬೇಕು ಅನ್ನೋದು ಎಲ್ಲರಿಗೂ ಗೊತ್ತು. ಸಾವಿರ ಚದರ ಅಡಿ ಮಾಳಿಗೆಗೆ ಅದು ಎರಡು ಸಾವಿರ ಲೀಟರ್ ದಾಟುತ್ತದೆ. ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಮಾರುವವರ ಹತ್ತಿರ ಹೋಗಿ ನಿಮ್ಮ ನೀರು ಮಾಳಿಗೆಗೆ ಸುರೀರಿ ಅಂದರೆ ಬಡಿಯುತ್ತಾರೆ. ಮೂರು ಸಲ ನನ್ನ ಕೈಯಿಂದ ಟ್ಯಾಂಕರ್ ತರಿಸಿದೆ, ಒಂದಕ್ಕೆ ಆರುನೂರರಂತೆ. ಆಮೇಲೆ ಹೊಳೆದದ್ದು: ಸೋರುವುದು ಬಹುತೇಕ ನೀರು ಹೋಗುವ ಬಾಯಿ, ಮೂಲೆ, ಪ್ಯಾರಾಪೆಟ್ ಕೂಡುವ ಸಂದು, ಇಷ್ಟರಲ್ಲೇ. ಅಲ್ಲಷ್ಟೇ ಕಟ್ಟೆ ಕಟ್ಟಿದರೆ ಸಾಕು. ಇಟ್ಟಿಗೆ ಇಟ್ಟು ಸಿಮೆಂಟ್ ಮೆತ್ತಿದರೆ ಮಾಲೀಕರು ಬೈತಾರೆ. ಸೈಟಿನ ಎರಿ ಮಣ್ಣನ್ನೇ ಕಲಸಿ ಕಟ್ಟೆ ಹಾಕಿದೆ. ಮನೆ ಸೀಳುವ ಮಣ್ಣೇ ನೀರು ಕುಡಿದು ಉಬ್ಬಿ ಗಚ್ಚಿನ ಹಾಗೆ ಹಿಡಿಯಿತು. ಮೂರು ಕಟ್ಟೆಗೆ ಎರಡು ನೂರು ಲೀಟರ್, ಮುಗಿದ ಮೇಲೆ ಕಸಬರಿಗೆಯಲ್ಲಿ ಗುಡಿಸಿದರೆ ಹೋಯಿತು. "ಮಣ್ಣಿನಾಟ ಆಡ್ಲತ್ತೀರೇನ್ರಿ?" ಅಂತ ನಕ್ಕಿದ್ದ ಗೌಂಡಿಯೊಬ್ಬ ಈಗ ತಾನೇ ಮಾಡಿಸುತ್ತಾನೆ, ನನ್ನ ಹೆಸರು ಹೇಳಲ್ಲ.

ನಡುವೆ ಹುಚ್ಚು ಪ್ರಯೋಗಗಳೂ ಆದವು. ಹೈದರಾಬಾದಿನಿಂದ ಥರ್ಮಲ್ ಕ್ಯಾಮೆರಾ ಎರಡು ದಿನಕ್ಕೆ ಬಾಡಿಗೆ ತಂದೆ, ನಾಲ್ಕು ಸಾವಿರ ಹೋಯಿತು. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಗೋಡೆಯಲ್ಲಿ ಕ್ಯಾಮೆರಾ ಏನು ತೋರಿಸಬೇಕು, ಎಲ್ಲಾ ಒಂದೇ ಕೆಂಪು. ಎರಡನೇ ದಿನ ನಸುಕಿನ ಐದೂವರೆಗೆ ಹಿಡಿದಾಗ ತೇವದ ಜಾಗ ತಂಪಾಗಿ ಕಂಡಿತು. ಅಂಗೈ ಇಟ್ಟು ನೋಡಿದೆ, ಅಂಗೈಗೂ ಅಷ್ಟೇ ಗೊತ್ತಾಯಿತು. ರಿಬೌಂಡ್ ಹ್ಯಾಮರ್‌ಗೆ ಇಪ್ಪತ್ತು ಸಾವಿರದ ಮೇಲೆ ಹಾಕಿದ್ದೇನೆ. ಕಾಂಕ್ರೀಟಿನ ಮೈಗೆ ಬಡಿದು ಗಟ್ಟಿತನ ಹೇಳುವ ಸಾಮಾನು ಅದು, ಹಳೆ ಮನೆಯಲ್ಲಿ ನಂಬಬೇಡಿ. ವರ್ಷಗಟ್ಟಲೆ ಗಾಳಿ ಕುಡಿದ ಕಾಂಕ್ರೀಟಿನ ಮೈ ಮೇಲೆ ಗಟ್ಟಿಯಾಗಿರುತ್ತದೆ, ಹ್ಯಾಮರ್ ಹೊಗಳುತ್ತದೆ, ಒಳಗೆ ಸಳಿ ತುಕ್ಕು ತಿನ್ನುತ್ತಿರುತ್ತದೆ. ಲ್ಯಾಬ್ ಸಾಮಾನಿನ ಅಂಗಡಿಯ ಫಿನಾಲ್ಫ್ತಲೀನ್ ದ್ರಾವಣ ಅದಕ್ಕಿಂತ ಎಷ್ಟೋ ಮೇಲು. ಹೊಸದಾಗಿ ಒಡೆದ ಜಾಗಕ್ಕೆ ಸಿಂಪಡಿಸಿ: ಗುಲಾಬಿಯಾದರೆ ಸಳಿಗೆ ಇನ್ನೂ ಕಾವಲಿದೆ, ಬಣ್ಣ ಬರದಿದ್ದರೆ ಕಾವಲು ಹೋಗಿದೆ. ಮಾರುವವರು ಒಡೆಯಲು ಬಿಡಲ್ಲ, ನಿಜ. ತುಕ್ಕಿಗೆ ತಾನೇ ಸಿಡಿದ ಜಾಗ ಸಿಕ್ಕೇ ಸಿಗುತ್ತದೆ, ಅಲ್ಲಿ ಬೆರಳಷ್ಟು ಕೆರೆದರೆ ಸಾಕು.

ಮರೆಯಲಾಗದ ಪೆಟ್ಟು ಬಾವಿಯದು. ಬ್ರಹ್ಮಪುರದ ಕಡೆ ಹಳೇ ಮನೆ, ನೆಲಕ್ಕೆ ಶಹಾಬಾದ್ ಫರ್ಸಿ ಕಲ್ಲು, ಗೋಡೆ ಗಟ್ಟಿ, ನಾನು ಚೆಂದದ ವರದಿ ಕೊಟ್ಟೆ. ಎರಡನೇ ಮಳೆಗಾಲಕ್ಕೆ ಹಿಂದಿನ ಅಡುಗೆಮನೆಯ ನೆಲ ಒಂದು ಗೇಣು ಕುಸಿಯಿತು. ಕೆಳಗೆ ಮುಚ್ಚಿದ ಬಾವಿ. ವಕೀಲರ ನೋಟಿಸ್ ಬಂತು, ಗ್ರಾಹಕರ ಆಯೋಗಕ್ಕೆ ಹೋಗ್ತೀವಿ ಅಂತ. 2019ರ ಕಾಯ್ದೆಯಲ್ಲಿ ಎರಡು ವರ್ಷದೊಳಗೆ ದೂರು ಕೊಡಬಹುದು, ನಮ್ಮಂಥ ಸಣ್ಣ ಫೀ ಕೆಲಸದ ದೂರಿಗೆ ಶುಲ್ಕವೂ ಇಲ್ಲ, ಇದನ್ನು ಈ ಕೆಲಸಕ್ಕೆ ಬರುವವರು ತಿಳಿದಿರಿ. ಕೊನೆ ಪುಟದಲ್ಲಿ "ನೆಲದ ಕೆಳಗೆ ಅಗೆದು ನೋಡಿಲ್ಲ" ಅಂತ ಬರೆದಿದ್ದೆ, ಅವರ ಸಹಿಯೂ ಇತ್ತು. ನನ್ನ ವಕೀಲರು ಹೆದರಬೇಡಿ ಅಂದರು. ಆದರೆ ತಪಾಸಣೆ ಮುಗಿಸಿ ಹಿತ್ತಲಲ್ಲಿ ನಾನು ಕೈ ತೊಳೆದುಕೊಂಡದ್ದು ಯಾವ ಕಲ್ಲಿನ ಮೇಲೆ ಗೊತ್ತೇ? ಹಗ್ಗ ಉಜ್ಜಿ ನಾಲ್ಕು ಗೀರು ಬಿದ್ದಿದ್ದ ಬಾವಿ ಕಟ್ಟೆಯ ಕಲ್ಲು. ಬಟ್ಟೆ ಒಗೆಯಲು ಹಾಕಿಕೊಂಡಿದ್ದರು. ನನ್ನ ಫೋಟೊದಲ್ಲೇ ಇತ್ತು. ಫೀ 3,500 ವಾಪಸ್ ಕೊಟ್ಟು, ಬಾವಿ ತುಂಬಿಸುವ ಖರ್ಚಿನ ಅರ್ಧ, ಹದಿನೆಂಟು ಸಾವಿರ, ಕೈಯಿಂದ ಹಾಕಿದೆ. ಆ ತಿಂಗಳು ಮನೆಯಲ್ಲಿ ನಡೆದ ಮಾತು ಬೇಡ.

ಅಲ್ಲಿಂದ ಈಚೆ ಹಳೆ ಓಣಿಗೆ ಹೋದರೆ ಮೊದಲು ಪಕ್ಕದ ಮನೆಯ ಮುದುಕಿಯನ್ನು ಹುಡುಕುತ್ತೇನೆ. "ಆಯಿ, ನಲ್ಲಿ ಬರೋಕಿನ್ನ ಮೊದಲ ನೀರು ಎಲ್ಲಿಂದ ತರ್ತಿದ್ರಿ?" ಯಾವ ಮೀಟರಿಗಿಂತ ಮೇಲು. ಮೂರು ಬಾವಿ, ಒಂದು ಹಗೇವು (ಕಾಳು ತುಂಬಿಡುವ ನೆಲದ ಗುಂಡಿ) ಹಾಗೇ ಸಿಕ್ಕಿವೆ.

ಈಗ ಒಂದು ಭೇಟಿಗೆ 6,500, ಬ್ಯಾಸಗಿಗೊಮ್ಮೆ ಮಳೆಗೊಮ್ಮೆ ಎರಡು ಭೇಟಿಗೆ 9,000. ವರ್ಷಕ್ಕೆ ಅರವತ್ತು ಎಪ್ಪತ್ತು ಮನೆ. ಜಿಎಸ್‌ಟಿಯ 20 ಲಕ್ಷದ ಗೆರೆ ಬಹಳ ದೂರ, ಮಗನ ಕಾಲೇಜ್ ಫೀ ಮಾತ್ರ ಸಾಲ ಇಲ್ಲದೆ ಹೋಗುತ್ತಿದೆ.

ಗುತ್ತಿಗೆದಾರರ ಮಗಳ ಮನೆಯಲ್ಲಿ ಮಣ್ಣಿನ ಕಟ್ಟೆ ಹಾಕಿದ ಮೂವತ್ತನೇ ತಾಸಿಗೆ ಅಡುಗೆಮನೆ ಮೂಲೆಯಲ್ಲಿ ತೇವ ಇಳಿಯಿತು. ಸಜ್ಜೆಯ ಕಾಂಕ್ರೀಟಿಗೆ ಗುಲಾಬಿ ಬಣ್ಣ ಬರಲೇ ಇಲ್ಲ. ವರದಿ ಇಟ್ಟುಕೊಂಡು ಅವರು ಬೆಲೆಯಲ್ಲಿ ಎರಡು ಲಕ್ಷದ ಹತ್ತಿರ ಇಳಿಸಿಕೊಂಡರು. ಆಮೇಲೆ ನನಗೆ, "ದುರಸ್ತಿ ನೀನೇ ಹಿಡಿ, ಒಂದು ಲಕ್ಷದ ಕೆಲಸ ಅದ, ಹೊರಗಿನವ್ರಿಗೆ ಯಾಕ?" ಅಂದರು. ಆಗಲ್ಲ ಅಂದೆ. "ನನಗೂ ಆಗಲ್ಲ ಅಂತೀಯಾ?" ಅಂದರು. ಹೌದ್ರಿ ಅಂದೆ. ಅವತ್ತಿನಿಂದ ಮಾತಿಲ್ಲ. ಎರಡು ಭೇಟಿಯ ರೊಕ್ಕ ಕೊಟ್ಟಿದ್ದಾರೆ, ಮೇ ಕೊನೆಗೆ ಸ್ಕ್ರೂ ಅಳೆಯೋಕೆ ಹೋಗಬೇಕು.