ಯುಡಿಐಡಿ ಕಾರ್ಡ್ ಮಾಡ್ಸೋದು ಹೇಗೆ, ಮಾಡ್ಸಾದ್ಮೇಲೆ ಪಿಂಚಣಿಗೇ ಯಾಕೆ ನಿಲ್ಬಾರ್ದು

ಯುಡಿಐಡಿ ಅಂದ್ರೆ ಅಂಗವಿಕಲರ ಗುರುತಿನ ಕಾರ್ಡ್, ನಮ್ಮ ಪಾವಗಡ ಕಡೆ ಅದಂದ್ರೆ ಪಿಂಚಣಿ ಕಾರ್ಡ್ ಅಂತಲೇ ಲೆಕ್ಕ. ಕಾರ್ಡ್ ಬಂತು, ನಾಡಕಚೇರಿಗೆ ಅರ್ಜಿ ಹಾಕಿದ್ವಿ, ತಿಂಗಳಿಗಿಷ್ಟು ದುಡ್ಡು ಅಕೌಂಟಿಗೆ ಬೀಳ್ತು, ಕಾರ್ಡ್‌ನ ಟ್ರಂಕಲ್ಲಿಟ್ವಿ, ಅಲ್ಲಿಗೆ ಮುಗೀತು. ನಮ್ಮನೇಲೂ ಹಂಗೇ ಆಗೋದಿತ್ತು. ನಮ್ಮ ತಮ್ಮನಿಗೆ ಹುಟ್ಟಿದಾಗಿಂದ ಸೆರೆಬ್ರಲ್ ಪಾಲ್ಸಿ, ಅಂದ್ರೆ ಮೆದುಳಿನ ತೊಂದರೆಯಿಂದ ಕೈಕಾಲು ಸ್ವಾಧೀನ ಇಲ್ಲ, ಅವನಿಗೋಸ್ಕರ ಓಡಾಡ್ತಾ ಓಡಾಡ್ತಾ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ, ಯಾಕಂದ್ರೆ ಊರಲ್ಲಿ ವಾರಕ್ಕೊಬ್ರಾದ್ರೂ ಬಂದು ಇದೇ ಕೇಳ್ತಾರೆ.

ಮೊದಲು ಯಾರು ಅರ್ಜಿ ಹಾಕ್ಬಹುದು ಅನ್ನೋದು. ಅಂಗವಿಕಲರ ಹಕ್ಕಿಗೆ ಹೋರಾಡಿದ ಜಾವೇದ್ ಆಬಿದಿ ಅವರಂಥೋರು ವೀಲ್‌ಚೇರಲ್ಲೇ ದಿಲ್ಲಿ ಬೀದಿಗಿಳಿದು ಕೇಳಿದ್ದಕ್ಕೆ 1995ರಲ್ಲಿ ಮೊದಲನೇ ಕಾನೂನು ಬಂತು, ಅದರಲ್ಲಿ ಇದ್ದಿದ್ದು 7 ಥರದ ವೈಕಲ್ಯ ಮಾತ್ರ. 2007ರಲ್ಲಿ ಭಾರತ ಅಂಗವಿಕಲರ ಹಕ್ಕಿನ ವಿಶ್ವಸಂಸ್ಥೆಯ ಒಪ್ಪಂದ ಒಪ್ಕೊಂಡಿತು, ಆಮೇಲೆ 2016ರ ಹೊಸ ಕಾನೂನು ಬಂದು 2017ರ ಏಪ್ರಿಲ್‌ನಿಂದ ಜಾರಿಯಾಯ್ತು, ಈಗ 21 ಥರ. ಆಟಿಸಂ, ಕಲಿಕೆಯ ತೊಂದರೆ, ಪಾರ್ಕಿನ್ಸನ್, ತಲಸ್ಸೇಮಿಯಾ, ಆಸಿಡ್ ದಾಳಿಗೆ ಸಿಕ್ಕೋರು, ಕುಷ್ಠ ವಾಸಿಯಾದೋರು, ಎಲ್ರೂ ಸೇರ್ತಾರೆ. ಹಿಂದೆ ಯಾವತ್ತೋ ಹೋಗಿ "ನಿಮ್ದು ಲಿಸ್ಟಲ್ಲಿಲ್ಲ" ಅಂತ ವಾಪಸ್ ಬಂದಿದ್ರೆ ಇನ್ನೊಂದ್ಸಲ ಹೋಗಿ.

ನಮ್ಮ ತಾಲೂಕಿನೋರಿಗೆ ಒಂದು ಮಾತು ಬಿಡಿಸಿ ಹೇಳ್ಬೇಕು. ಬೋರ್‌ವೆಲ್ ಫ್ಲೋರೈಡ್ ನೀರು ಕುಡ್ದು ಕುಡ್ದು ಬೆನ್ನು ಬಗ್ಗಿ ಮಂಡಿ ಗಟ್ಟಿಯಾಗಿ ಕೂತ್ರೆ ಏಳಕ್ಕಾಗದೆ ಇರೋ ಅಜ್ಜಿ ತಾತಂದಿರು ಎಷ್ಟು ಜನ ಇದಾರೆ, ವಯಸ್ಸಾಯ್ತು ಬಿಡಪ್ಪ ಅಂತ ಸುಮ್ನಾಗ್ತಾರೆ. ಮೂಳೆ ಕೀಲು ಹಿಡ್ಕೊಂಡು ಓಡಾಟ ನಿಂತಿದ್ರೆ ಅದು ಚಲನ ವೈಕಲ್ಯ, ಅವರೂ ಅರ್ಜಿ ಹಾಕ್ಬಹುದು, ವೈಕಲ್ಯ ಎಷ್ಟು ಪರ್ಸೆಂಟ್ ಅನ್ನೋದು ಡಾಕ್ಟರ್ ನೋಡಿ ಬರೀತಾರೆ. ಬರೀ ಹಲ್ಲು ಕಂದಾಗಿದ್ರೆ ಮಾತ್ರ ಇದಕ್ಕೆ ಬರಲ್ಲ.

ಅರ್ಜಿ ಹಾಕೋದು ಸ್ವಾವಲಂಬನ್ ವೆಬ್‌ಸೈಟಲ್ಲಿ, ಮೊಬೈಲಲ್ಲೇ ಆಗುತ್ತೆ. ಆಗಲ್ಲ ಅಂದ್ರೆ ಪಂಚಾಯ್ತಿಯ ವಿಆರ್‌ಡಬ್ಲ್ಯೂ ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ ಹಿಡೀರಿ, ತಾಲೂಕಿಗೆ ಎಂಆರ್‌ಡಬ್ಲ್ಯೂ ಅಂದ್ರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅಂತ ಒಬ್ರು ಇರ್ತಾರೆ. ಇವರಲ್ಲಿ ತುಂಬಾ ಜನ ತಾವೇ ವೈಕಲ್ಯ ಇರೋರು, ಸಣ್ಣ ಗೌರವಧನಕ್ಕೆ ಇಡೀ ಪಂಚಾಯ್ತಿ ಸುತ್ತುತಾರೆ, ಮರ್ಯಾದೆಯಿಂದ ಮಾತಾಡ್ಸಿ. ಬೇಕಾಗಿರೋದು ಆಧಾರ್, ಫೋಟೋ, ಸಹಿ ಇಲ್ಲ ಹೆಬ್ಬೆಟ್ಟು, ವಿಳಾಸದ ದಾಖಲೆ, ಹಳೇ ಆಸ್ಪತ್ರೆ ಚೀಟಿಗಳು. ಆಧಾರಲ್ಲಿ ಹೆಸರಿನ ಸ್ಪೆಲ್ಲಿಂಗ್ ಹೆಂಗಿದೆಯೋ ಹಂಗೇ ಹಾಕಿ, ಒಂದಕ್ಷರ ಆಕಡೆ ಈಕಡೆ ಆದ್ರೂ ಮುಂದೆ ಪಿಂಚಣಿ ಹೊತ್ತಿಗೆ ಬ್ಯಾಂಕಲ್ಲಿ ಸಿಕ್ಕಾಕ್ಕೋತೀರ. ಮನೇಲಿ ಬದಲಾಗದೆ ಇರೋ ಮೊಬೈಲ್ ನಂಬರ್ ಕೊಡಿ, ಓಟಿಪಿ ಅದಕ್ಕೇ ಬರೋದು. ಕೊನೇಲಿ ಬರೋ ಎನ್‌ರೋಲ್‌ಮೆಂಟ್ ನಂಬರನ್ನ ಕ್ಯಾಲೆಂಡರ್ ಹಿಂದೆನಾದ್ರೂ ಬರೆದಿಡಿ.

ಆಮೇಲೆ ಆಸ್ಪತ್ರೆ ದಿನ. ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಇಲ್ಲೇ ಎಲ್ಲಾ ಕೆಡೋದು.

2022ರಲ್ಲಿ ತಾಲೂಕಲ್ಲೊಂದು ತಪಾಸಣೆ ಕ್ಯಾಂಪ್ ಆಗಿತ್ತು. ಅವತ್ತು ಅಮ್ಮ ತಮ್ಮನಿಗೆ ತಲೆಗೆ ಸ್ನಾನ ಮಾಡ್ಸಿ, ಹಬ್ಬದ ಶರ್ಟ್ ತೊಡ್ಸಿ, ಎಲ್ಲಾ ಗುಂಡಿ ತಾನೇ ಹಾಕಿ, ತಲೆ ಬಾಚಿ ಕರ್ಕೊಂಡು ಬಂದ್ರು. ಡಾಕ್ಟರ್ ಕೇಳಿದ್ರು, "ಶರ್ಟ್ ಗುಂಡಿ ಅವನೇ ಹಾಕ್ಕೋತಾನಾ?" ಅಮ್ಮ ತಕ್ಷಣ, "ಹೂಂ ಸಾರ್, ಎಲ್ಲಾ ಅವನೇ ಮಾಡ್ಕೋತಾನೆ, ಜಾಣ." ಊಟ? "ಅವನೇ ತಿಂತಾನೆ ಸಾರ್." ನಾನು ಪಕ್ಕದಲ್ಲೇ ನಿಂತಿದ್ದೆ, ನಮ್ಮನೇಲಿ ಇವತ್ತಿಗೂ ಮುದ್ದೆ ಮುರಿದು ಸಾರಲ್ಲಿ ಅದ್ದಿ ಬಾಯಿಗಿಡೋದು ಅಮ್ಮನೇ, ಆದ್ರೆ ಅಷ್ಟು ಜನರ ಮುಂದೆ ಮಗನ ಕೈಲಿ ಆಗಲ್ಲ ಅಂತ ಹೇಳಕ್ಕೆ ಅವರ ಬಾಯಿ ಬರ್ಲಿಲ್ಲ, ನನ್ನ ಬಾಯೂ ಬರ್ಲಿಲ್ಲ. ಸರ್ಟಿಫಿಕೇಟಲ್ಲಿ 35 ಪರ್ಸೆಂಟ್ ಅಂತ ಬಂತು. 40 ಇಲ್ದಿದ್ರೆ ಪಿಂಚಣಿ ಇಲ್ಲ, ಮೀಸಲಾತಿ ಇಲ್ಲ, ಹೆಚ್ಚುಕಮ್ಮಿ ಯಾವುದೂ ಇಲ್ಲ.

ಅದಕ್ಕೇ ಹೇಳ್ತಿರೋದು, ಅವತ್ತು ಮಗುವನ್ನ ಹೊಗಳೋ ದಿನ ಅಲ್ಲ. ಹಿಂದಿನ ರಾತ್ರಿ ಕೂತು ಒಂದು ಹಾಳೇಲಿ ಬರೀರಿ, ಬೆಳಗ್ಗೆ ಎದ್ದಾಗಿಂದ ಮಲಗೋವರೆಗೆ ಯಾವುದಕ್ಕೆಲ್ಲಾ ಇನ್ನೊಬ್ಬರ ಕೈ ಬೇಕು ಅಂತ. ಹಲ್ಲುಜ್ಜೋದು, ಕಕ್ಕಸಿಗೆ ಹೋಗೋದು, ಗುಂಡಿ, ಚಪ್ಪಲಿ, ಮೆಟ್ಟಿಲು, ನಿದ್ದೇಲಿ ಫಿಟ್ಸ್ ಬರುತ್ತಾ, ಮಾತು ಹೊರಗಿನೋರಿಗೆ ಅರ್ಥ ಆಗುತ್ತಾ. ಕೇಳಿದ್ರೆ ಇದ್ದಿದ್ದು ಇದ್ದಂಗೆ ಹೇಳಿ, ಹೆಚ್ಚೂ ಬೇಡ ಕಮ್ಮೀನೂ ಬೇಡ. ನಿಮ್ಮ ಮಗುವಿಗೆ ಎರಡು ಥರದ ತೊಂದರೆ ಇದ್ರೆ, ಕೈಕಾಲೂ ಕಿವಿಯೂ ಅಂತಿಟ್ಕೊಳ್ಳಿ, ಎರಡನ್ನೂ ಬಾಯಿಬಿಟ್ಟು ಹೇಳಿ, ಬೇರೆ ಬೇರೆ ಡಾಕ್ಟರ್ ನೋಡ್ಬೇಕಾಗುತ್ತೆ. ಜಿಲ್ಲಾ ಆಸ್ಪತ್ರೇಲಿ ಯಾವ ವಾರ ಯಾವ ಡಾಕ್ಟರ್ ಕೂರ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳ್ಕೊಂಡು ಹೊರಡಿ, ಪಾವಗಡದಿಂದ ಮಧುಗಿರಿ ಕೊರಟಗೆರೆ ದಾಟಿ ತುಮಕೂರಿಗೆ ಮಗು ಎತ್ಕೊಂಡು ಹೋಗಿ ಇವತ್ತಲ್ಲ ನಾಳೆ ಅನ್ನಿಸ್ಕೊಂಡು ಬರೋ ಕಷ್ಟ ಯಾರಿಗೂ ಬೇಡ.

ಪರ್ಸೆಂಟ್ ಕಮ್ಮಿ ಬಂದ್ರೆ ಅಲ್ಲಿಗೆ ಕೈ ಚೆಲ್ಬೇಡಿ. ತೀರ್ಮಾನ ಆದ ದಿನದಿಂದ 90 ದಿನದೊಳಗೆ ಮೇಲ್ಮನವಿ ಹಾಕೋ ಅವಕಾಶ ಕಾನೂನಲ್ಲೇ ಇದೆ, 2016ರ ಕಾನೂನಿನ 59ನೇ ಸೆಕ್ಷನ್. ನಾವು ಅದನ್ನೇ ಮಾಡಿದ್ವಿ. ಎರಡನೇ ಸಲ ಶರ್ಟಿನ ಗುಂಡಿ ಹಾಕ್ದೆ ಕರ್ಕೊಂಡು ಹೋದ್ವಿ, ಡಾಕ್ಟರ್ ಹಾಕ್ಕೋ ಮಗಾ ಅಂದ್ರು, ಅವನು ಒಂದು ಗುಂಡಿ ಹಿಡ್ಕೊಂಡು ಐದು ನಿಮಿಷ ಒದ್ದಾಡ್ದ, ಬೆವರು ಬಂತು, ಅಮ್ಮ ಆಕಡೆ ತಿರುಗಿ ನಿಂತ್ಕೊಂಡ್ರು. 60 ಪರ್ಸೆಂಟ್ ಬರೆದ್ರು.

ಕಾರ್ಡ್ ಪೋಸ್ಟಲ್ಲಿ ಮನೆಗೆ ಬರುತ್ತೆ, ಅದಕ್ಕೂ ಮೊದಲೇ ವೆಬ್‌ಸೈಟಿಂದ ಪಿಡಿಎಫ್ ಇಳಿಸ್ಕೋಬಹುದು. 2024ರ ಅಕ್ಟೋಬರ್‌ನಲ್ಲಿ ನಿಯಮ ಬದಲಾಗಿ ಕಾರ್ಡಿಗೆ ಬಣ್ಣ ಬಂದಿದೆ, 40ಕ್ಕಿಂತ ಕಮ್ಮಿ ಬಿಳಿ, 40ರಿಂದ 79 ಹಳದಿ, 80 ಮತ್ತೆ ಮೇಲೆ ನೀಲಿ. ತಾತ್ಕಾಲಿಕ ಅಂತ ಕೊಟ್ಟಿದ್ರೆ ಮುಗಿಯೋ ತಾರೀಖು ನೋಡ್ಕೊಳ್ಳಿ, ಮುಗಿಯೋಕೆ ಮುಂಚೆನೇ ರಿನೀವಲ್ ಹಾಕಿ, ಇಲ್ಲ ಅಂದ್ರೆ ಪಿಂಚಣಿ ತಟ್ಟಂತ ನಿಲ್ಲುತ್ತೆ.

ಪಿಂಚಣಿ ನಾಡಕಚೇರೀಲಿ, ಆದಾಯ ಪ್ರಮಾಣ ಪತ್ರ ಬೇಕು, ನಾವು ಮಾಡ್ಸಿದಾಗ ವೈಕಲ್ಯ 75 ಪರ್ಸೆಂಟ್‌ಗಿಂತ ಕಮ್ಮಿ ಇರೋರಿಗೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಮೇಲಿದ್ರೆ 1400. ಕೆಎಸ್ಆರ್‌ಟಿಸಿ ರಿಯಾಯಿತಿ ಪಾಸು ಮನೆಯಿಂದ 100 ಕಿಲೋಮೀಟರ್‌ವರೆಗೆ, ಸೇವಾ ಸಿಂಧು ವೆಬ್‌ಸೈಟಲ್ಲಿ ಹಾಕಿ, ಪ್ರತಿ ವರ್ಷ ರಿನೀವಲ್ ಮಾಡ್ಸಬೇಕು. ರೈಲಿಗೆ ಬೇರೇನೇ ಕಾರ್ಡ್ ಇದೆ.

ಇಲ್ಲಿವರೆಗೆ ಎಲ್ರೂ ಬರ್ತಾರೆ, ಇಲ್ಲಿಗೇ ನಿಲ್ತಾರೆ. ಮುಂದಿಂದು ಕೇಳಿದ್ರೆ ಮಾತ್ರ ಸಿಗೋದು.

ಶಾಲೆ. 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೇಲಿ ಉಚಿತವಾಗಿ ಓದೋದು ಹಕ್ಕು. ನಿಮ್ಮ ಮಗುವನ್ನ ನೋಡ್ಕೊಳ್ಳೋರಿಲ್ಲ ಅಂತ ನಮಗೂ ಒಂದು ಶಾಲೇಲಿ ಹೇಳಿದ್ರು, ಅದನ್ನೇ ಬರೆದು ಕೊಡಿ ಅಂದ್ವಿ, ಬರೆದು ಕೊಡ್ಲಿಲ್ಲ, ಸೀಟ್ ಕೊಟ್ರು. ತೀರಾ ಮಲಗಿದಲ್ಲೇ ಇರೋ ಮಕ್ಕಳಿಗೆ ಬಿಆರ್‌ಸಿಯ, ಅಂದ್ರೆ ಶಿಕ್ಷಣ ಇಲಾಖೆಯ ತಾಲೂಕು ಸಂಪನ್ಮೂಲ ಕೇಂದ್ರದ, ಬಿಐಇಆರ್‌ಟಿ ಅನ್ನೋ ವಿಶೇಷ ಮಕ್ಕಳ ಮೇಷ್ಟ್ರನ್ನ ಕೇಳಿ, ಮನೆಗೆ ಬಂದು ಕಲಿಸೋ ವ್ಯವಸ್ಥೆ ಇದೆ. ಪರೀಕ್ಷೇಲಿ ಮಗು ಹೇಳಿದ್ದನ್ನ ಬರೆಯೋರನ್ನ ಕೇಳ್ಬಹುದು, ಗಂಟೆಗೆ 20 ನಿಮಿಷ ಜಾಸ್ತಿ ಟೈಮ್ ಕೇಳ್ಬಹುದು. 40 ಪರ್ಸೆಂಟ್ ಇಲ್ದಿದ್ರೂ ಬರೆಯೋಕೆ ನಿಜವಾಗ್ಲೂ ಕಷ್ಟ ಇದ್ರೆ ಬರೆಯೋರು ಬೇಕು ಅಂತ ಕೇಳೋ ಹಕ್ಕಿದೆ ಅಂತ 2021ರ ಫೆಬ್ರವರೀಲಿ ಸುಪ್ರೀಂ ಕೋರ್ಟ್ ವಿಕಾಶ್ ಕುಮಾರ್ ಕೇಸಲ್ಲಿ ಹೇಳಿದೆ, ಕೈ ನಡುಗೋ ಮಕ್ಕಳ ಅಪ್ಪ ಅಮ್ಮಂದಿರು ಈ ಹೆಸರು ನೆನಪಿಟ್ಕೊಳ್ಳಿ. ಎಸ್ಸೆಸ್ಸೆಲ್ಸಿಗೆ ಹೆಡ್‌ಮಾಸ್ಟರ್ ಮೂಲಕ ತಿಂಗಳುಗಟ್ಟಲೆ ಮುಂಚೆನೇ ಕಳಿಸ್ಬೇಕು, ಹಾಲ್ ಟಿಕೆಟ್ ಬಂದ್ಮೇಲೆ ಓಡಾಡಿದ್ರೆ ಆಗಲ್ಲ. ನಮ್ಮವನಿಗೆ ಒಂಬತ್ತನೇ ಕ್ಲಾಸಿನ ಹುಡುಗ ಬರೆದ, ಇವನು ಹೇಳ್ತಾ ಹೋದ, ಸಮಾಜದಲ್ಲಿ 71 ತೆಗೆದ. ಮುಂದೆ ಸರ್ಕಾರಿ ಕಾಲೇಜಲ್ಲಿ 5 ಪರ್ಸೆಂಟ್ ಸೀಟು, ಸರ್ಕಾರಿ ಕೆಲಸದಲ್ಲಿ 4 ಪರ್ಸೆಂಟ್, ಹಿಂದೆ ಎರಡೂ 3 ಇತ್ತು.

ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವೈಕಲ್ಯ, ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾನೂನು ಅಂತ ಬೇರೆ ಇದೆ. ಅದರಲ್ಲಿ ನಿರಾಮಯ ಅಂತ ವಿಮೆ, ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿ ಖರ್ಚೂ ಸೇರುತ್ತೆ. ಅದಕ್ಕಿಂತ ಮುಖ್ಯ, ಮಗುವಿಗೆ 18 ತುಂಬಿದ ದಿನ ಅಪ್ಪ ಅಮ್ಮ ಕಾನೂನಿನ ಕಣ್ಣಲ್ಲಿ ತಾನಾಗೇ ಪೋಷಕರಾಗಿ ಉಳಿಯಲ್ಲ. ಬ್ಯಾಂಕು, ಜಮೀನು ಇಂಥದ್ದಕ್ಕೆ ಕಾನೂನಿನ ಪೋಷಕರು ಬೇಕು ಅಂದ್ರೆ ಜಿಲ್ಲಾಧಿಕಾರಿ ಇರೋ ಸ್ಥಳೀಯ ಸಮಿತಿಗೆ ಅರ್ಜಿ ಹಾಕ್ಬೇಕು. ಹಾಕೋಕೆ ಮುಂಚೆ ಅವನಿಗೆ ತಾನೇ ತೀರ್ಮಾನ ಮಾಡಕ್ಕಾಗುತ್ತಾ ಅಂತ ಯೋಚ್ನೆ ಮಾಡಿ, ನಮ್ಮವನಿಗೆ ಕೈ ಸ್ವಾಧೀನ ಇಲ್ಲ ಅಷ್ಟೇ, ತಲೆ ನಮ್ಮೆಲ್ರಿಗಿಂತ ಚುರುಕು, ಅದಕ್ಕೆ ನಾವು ಹಾಕಲ್ಲ ಅಂತ ಅವನನ್ನೇ ಕೂರಿಸ್ಕೊಂಡು ಮಾತಾಡಿ ತೀರ್ಮಾನ ಮಾಡಿದೀವಿ.

ಇನ್ನು ಪಂಚಾಯ್ತಿ. ಪಂಚಾಯ್ತಿ ದುಡ್ಡಲ್ಲಿ 5 ಪರ್ಸೆಂಟ್ ಅಂಗವಿಕಲರಿಗೇ ಖರ್ಚು ಮಾಡ್ಬೇಕು ಅಂತ ನಮ್ಮ ರಾಜ್ಯದಲ್ಲಿ ಆದೇಶ ಇದೆ. ಎಷ್ಟು ಬಂತು, ಯಾತಕ್ಕೆ ಹೋಯ್ತು ಅಂತ ಗ್ರಾಮಸಭೇಲಿ ಕೇಳಿ. ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತೆ, ಅರ್ಜಿ ಎರಡು ಪ್ರತಿ ಬರೆದು ಟಪಾಲಲ್ಲಿ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು ತಾರೀಖು ಹಾಕಿಸ್ಕೊಳ್ಳಿ. ಉತ್ತರ ಬರ್ಲಿಲ್ವಾ, 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲಿ ಕೇಳಿ, ಒಂದು ಅರ್ಜೀಲಿ ಒಂದೇ ವಿಷಯ, 150 ಪದ ಮೀರಬಾರ್ದು. ಅದಕ್ಕೂ ಆಗ್ಲಿಲ್ಲ ಅಂದ್ರೆ ಬೆಂಗಳೂರಲ್ಲಿ ಅಂಗವಿಕಲರ ರಾಜ್ಯ ಆಯುಕ್ತರು ಇದಾರೆ, ದೂರು ಕೇಳೋಕೇ ಇರೋ ಕಚೇರಿ ಅದು. ಪೋಲಿಯೋದಿಂದ ಕೈಕಾಲು ಕಳ್ಕೊಂಡ ಕೆ.ಎಸ್. ರಾಜಣ್ಣ ಅವರು ಒಂದು ಕಾಲಕ್ಕೆ ಕೂತಿದ್ದ ಕುರ್ಚಿ, 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ರ‍್ಯಾಂಪ್ ಬಗ್ಗೆ ಒಂದು ಲೆಕ್ಕ ಹೇಳ್ತೀನಿ, ಟೇಪ್ ತಗೊಂಡು ನೀವೇ ಅಳೀಬಹುದು. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಇರ್ಬೇಕು. ನಮ್ಮೂರಲ್ಲಿ ಒಂದು ಕಟ್ಟಡಕ್ಕೆ ಎರಡು ಮೆಟ್ಟಿಲು, ಒಂದಡಿ ಎತ್ತರ, ರ‍್ಯಾಂಪ್ ಅಂತ ಹಾಕಿದ್ದು 4 ಅಡಿ, ವೀಲ್‌ಚೇರ್ ತಳ್ಳಿದ್ರೆ ಹಿಂದಕ್ಕೆ ಮಗುಚ್ಕೊಳ್ಳೋದು, ಎರಡು ಸಲ ತಮ್ಮನ ಮೊಣಕೈ ತರ್ಚಿದೆ. ಹಳೇ ಸರ್ಕಾರಿ ಕಟ್ಟಡಗಳನ್ನೆಲ್ಲಾ 5 ವರ್ಷದಲ್ಲಿ ಸರಿಮಾಡ್ಬೇಕು ಅಂತ ಕಾನೂನು ಹೇಳಿತ್ತು, ಆ ಗಡುವು 2022ಕ್ಕೇ ಮುಗೀತು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಕೇಸಲ್ಲಿ ಇದನ್ನ ಇಷ್ಟ ಬಂದ್ರೆ ಮಾಡೋ ಸಲಹೆ ಥರ ಇಡಬೇಡಿ, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳ್ತು. ನಾವು ಟೇಪ್ ಹಿಡಿದು ಅಳೆದ ಫೋಟೋ, ಮೊಣಕೈ ಫೋಟೋ, ಎರಡನ್ನೂ ಅರ್ಜಿಗೆ ಅಂಟಿಸಿ ಕೊಟ್ವಿ, ಸೀಲು ಹಾಕಿಸ್ಕೊಂಡ್ವಿ. ನಾಲ್ಕು ತಿಂಗಳಾದ್ಮೇಲೆ ಗಾರೆ ಕೆಲಸದೋರು ಬಂದ್ರು, ಜಾಗ ಸಾಲ್ದೆ ಎಡಕ್ಕೆ ತಿರುಗಿಸಿ 12 ಅಡಿ ಮಾಡಿ ಪಕ್ಕಕ್ಕೆ ಕಂಬಿ ಹಾಕಿದ್ರು. ಸಿಮೆಂಟ್ ಕ್ಯೂರಿಂಗ್ ಆಗೋ ತನಕ ದಿನಾ ಸಂಜೆ ನೀರು ಹಾಕಿದ್ದು ಅಮ್ಮ.