ಮರಿಮಗಳು ಹುಟ್ಟುವವರೆಗೂ ಕಾಯಬೇಕು

ನೀರಿಗೆ ಸೇರಿದ ಔಷಧಿ ಅಲ್ಲಿನ ಜೀವಿಗಳಿಗೆ ಏನು ಮಾಡುತ್ತದೆ ಅಂತ ನೋಡಲು ನಾನು ಲ್ಯಾಬಿನಲ್ಲಿ ಡ್ಯಾಫ್ನಿಯಾ ಎಂಬ ಪುಟ್ಟ ನೀರುಜೀವಿಗಳನ್ನು ಸಾಕುತ್ತೇನೆ. ನೀರುಚಿಗಟ ಅಂತಲೂ ಹೇಳ್ತಾರೆ. ಮೇವು, ಜಾಗ ಸಾಕಷ್ಟಿದ್ದಾಗ ಹೆಣ್ಣುಗಳು ಗಂಡಿಲ್ಲದೆಯೇ ಮರಿ ಹಾಕುತ್ತವೆ, ಮರಿಗಳೂ ಹೆಣ್ಣೇ. ಮೈ ಗಾಜಿನ ಹಾಗೆ. ಮೈಕ್ರೋಸ್ಕೋಪಿನಡಿ ಇಟ್ಟರೆ ತಾಯಿಯ ಬೆನ್ನಿನ ಚೀಲದಲ್ಲಿರುವ ಮರಿಗಳ ಕಪ್ಪು ಕಣ್ಣುಗಳನ್ನು ಎಣಿಸಬಹುದು.

ನಾನು ಆರಿಸಿಕೊಂಡದ್ದು ಫ್ಲುಆಕ್ಸೆಟಿನ್, ಖಿನ್ನತೆಗೆ ಕೊಡುವ ಮಾತ್ರೆ. ನುಂಗಿದ್ದರಲ್ಲಿ ಒಂದಿಷ್ಟು ಮೂತ್ರದಲ್ಲಿ ಹೊರಬರುತ್ತದೆ, ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲೂ ಪೂರ್ತಿ ಹೋಗುವುದಿಲ್ಲ.

ಚಾಲ್ತಿಯಲ್ಲಿರುವ ಪರೀಕ್ಷೆ 21 ದಿನದ್ದು. ಹುಟ್ಟಿ 24 ಗಂಟೆ ಆಗದ ಮರಿಗಳನ್ನು ಒಂದೊಂದು ಲೋಟಕ್ಕೆ ಒಂದರಂತೆ ಬಿಟ್ಟು, ಹಸಿರು ಪಾಚಿ ತಿನ್ನಿಸಿ, ಅವು ಹಾಕುವ ಮರಿಗಳನ್ನು ಎಣಿಸುವುದು. ನನಗೆ ಅಷ್ಟು ಸಾಲಲಿಲ್ಲ, ಔಷಧಿಯ ಪೆಟ್ಟು ಮುಂದಿನ ತಲೆಮಾರುಗಳಿಗೂ ಇಳಿಯುತ್ತದೆಯೇ ಅಂತ ನೋಡಬೇಕಿತ್ತು. ಔಷಧಿ ನೀರಿನಲ್ಲಿ ಬೆಳೆದ ತಾಯಿಯ ಮರಿಗಳಲ್ಲಿ ಅರ್ಧವನ್ನು ಅದೇ ನೀರಿನಲ್ಲಿ ಉಳಿಸಿ, ಇನ್ನರ್ಧವನ್ನು ಶುದ್ಧ ನೀರಿಗೆ ಹಾಕಿದೆ. ಮೊದಲ ಹೆರಿಗೆಯ ಮರಿಗಳು ಸಣ್ಣವು, ಹಾಗಾಗಿ ಮೂರನೆಯ ಹೆರಿಗೆಯವನ್ನೇ ತೆಗೆದುಕೊಂಡೆ.

ಇಲ್ಲಿ ಲೆಕ್ಕ ಸ್ವಲ್ಪ ಸೂಕ್ಷ್ಮ. ಔಷಧಿ ನೀರಿನಲ್ಲಿರುವ ತಾಯಿಯ ಚೀಲದಲ್ಲಿ ಮಗಳು ಇರುತ್ತಾಳೆ. ಆ ಮಗಳ ಮೈಯೊಳಗೆ ಮೊಮ್ಮಗಳಾಗುವ ಜೀವಕೋಶ ಆಗಲೇ ಇರುತ್ತದೆ. ಅಂದರೆ ಮೂರು ತಲೆಮಾರಿಗೂ ಔಷಧಿ ನೇರವಾಗಿಯೇ ತಗುಲಿರುತ್ತದೆ. ಶುದ್ಧ ನೀರಿನ ಸಾಲಿನಲ್ಲಿ ಮರಿಮಗಳಲ್ಲೂ ಬದಲಾವಣೆ ಉಳಿದರೆ ಮಾತ್ರ ಅದು ನಿಜವಾಗಿ ವಂಶಕ್ಕೆ ಇಳಿದದ್ದು.

ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಅನ್ನುವ ಅಳತೆ, ಇದರ ಮೇಲೆ ತುಂಬಾ ನಿಗಾ ಬೇಕು. ಬೆಳಕಿನಲ್ಲಿ ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಾಗ ನೀರಿನ ಪಿಎಚ್ ಏರುತ್ತದೆ. ಏರಿದಷ್ಟೂ ಫ್ಲುಆಕ್ಸೆಟಿನ್ ಮೈಯೊಳಗೆ ಸುಲಭವಾಗಿ ನುಗ್ಗುತ್ತದೆ. ಲೋಟದಲ್ಲಿ ಔಷಧಿ ಅಷ್ಟೇ ಇದ್ದರೂ ಪೆಟ್ಟು ಜಾಸ್ತಿ. ಇದನ್ನು ನೋಡಿಕೊಳ್ಳದಿದ್ದರೆ ತಲೆಮಾರುಗಳ ನಡುವೆ ಕಂಡ ವ್ಯತ್ಯಾಸ ಔಷಧಿಯದೋ ಪಿಎಚ್‌ನದೋ ಹೇಳಲಾಗದು. ಬೆನ್ನ ಮೇಲೆ ಕುದುರೆಯ ತಡಿಯಂಥ ಕಪ್ಪು ಮೊಟ್ಟೆಚೀಲ ಕಂಡರೂ ಎಚ್ಚರ. ಸಾಮಾನ್ಯವಾಗಿ ಗುಂಪು ಜಾಸ್ತಿಯಾಗಿದೆ ಅಥವಾ ಹಸಿವಾಗಿದೆ ಅಂತ ಅರ್ಥ. ಅಂಥ ತಾಯಿಯ ಮರಿಗಳನ್ನು ನಾನು ಬಳಸುವುದಿಲ್ಲ.

ಮೇವು ಕಡಿಮೆ ಕೊಟ್ಟಾಗ ಕಂಡದ್ದು ನನ್ನನ್ನು ಹೆಚ್ಚು ಕಾಡಿತು. ಔಷಧಿ ನೀರಿನ ತಾಯಂದಿರು ಜಾಸ್ತಿ ಮರಿ ಹಾಕಿದವು, ಆದರೆ ಮರಿಗಳ ಗಾತ್ರ ಚಿಕ್ಕದು. ಬರೀ ಎಣಿಸಿದ್ದರೆ 'ಒಳ್ಳೆಯದೇ ಆಯ್ತಲ್ವಾ' ಅನಿಸುತ್ತಿತ್ತು. ಬೇರೆ ಲ್ಯಾಬುಗಳಲ್ಲೂ ಇದೇ ಕಂಡಿದೆ. ಹಾಗಾಗಿ ಪ್ರತಿ ತಲೆಮಾರಿನ ಮರಿಗಳ ಉದ್ದ ಅಳೆಯುವುದನ್ನು ನಾನು ಬಿಡುವುದಿಲ್ಲ.

ಮೀನಿನ ವಿಷಯ ಇನ್ನೂ ಗಂಭೀರ. ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೀಬ್ರಾ ಮೀನುಗಳಿಗೆ ಫ್ಲುಆಕ್ಸೆಟಿನ್ ಸಿಕ್ಕಿದ್ದು ಹುಟ್ಟಿನ ಮೊದಲ 6 ದಿನ ಮಾತ್ರ. ಆದರೂ ಒತ್ತಡವನ್ನು ಎದುರಿಸಲು ಬೇಕಾದ ಕಾರ್ಟಿಸಾಲ್ ಹಾರ್ಮೋನು ತಗ್ಗಿದ್ದು ಮುಂದಿನ ತಲೆಮಾರುಗಳಲ್ಲೂ ಕಂಡಿತು.

ಈ ಕೆಲಸ ಶುರು ಮಾಡುವವರಿಗೆ ನನ್ನ ಮಾತು ಇಷ್ಟೇ: ಶುದ್ಧ ನೀರಿನ ಸಾಲಿಗೆ ಮೊದಲ ದಿನವೇ ಜಾಗ ತೆಗೆದಿಡಿ. ಮೊಮ್ಮಗಳ ಹೊತ್ತಿಗೆ ಲೋಟಗಳು ಬೆಂಚು ತುಂಬಿರುತ್ತವೆ, ಅಲ್ಲೇ ನಿಲ್ಲಿಸಿಬಿಡೋಣ ಅನಿಸುತ್ತದೆ. ನಿಮಗೆ ಬೇಕಾದ ಉತ್ತರ ಅದರ ಮುಂದಿನ ತಲೆಮಾರಿನಲ್ಲಿದೆ.