ಅಳಲೆಕಾಯಿ, ಬೆಲ್ಲ ಮತ್ತು ಸೋರದ ತಾರಸಿ: ನನ್ನ ಅನುಭವ

ಬೆಂಗಳೂರಿನ ಉತ್ತರಹಳ್ಳಿಯ ಬಳಿ 30x40 ನಿವೇಶನದಲ್ಲಿ ನಾನು ಕಟ್ಟಿಸಿಕೊಟ್ಟ ಮನೆಯ ಆರ್‌ಸಿಸಿ ಚಾವಣಿಯ ಮೇಲೆ 2021ರ ಜನವರಿಯಲ್ಲಿ ಹಾಕಿದ ಗಾರೆ ತಾರಸಿ, ಅಂದರೆ ಸುಣ್ಣದ ಗಾರೆಗೆ ಇಟ್ಟಿಗೆ ಜಲ್ಲಿ ಬೆರೆಸಿ ಹಾಸಿ ಬಡಿದ ಪದರ, ಹೊರವರ್ತುಲ ರಸ್ತೆ ಮುಳುಗಿದ 2022ರ ಮಳೆಯಲ್ಲೂ ಒಂದು ಹನಿ ಸೋರಲಿಲ್ಲ. "ಸಿಮೆಂಟ್ ಕಾಲದಲ್ಲಿ ಸುಣ್ಣ ಬಡಿಸುತ್ತೀರಾ ಸಾರ್, ದುಡ್ಡು ಹೆಚ್ಚಾಯಿತೇ?" ಎಂದು ಅಂದು ನಕ್ಕಿದ್ದ ಸೆಂಟ್ರಿಂಗ್ ಗುತ್ತಿಗೆದಾರರೇ ಈಚೆಗೆ ತಮ್ಮ ಸ್ವಂತ ಮನೆಗೆ ಅಂದಾಜುಪಟ್ಟಿ ಕೇಳಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ.

ಮೊದಲ ಪ್ರಯತ್ನ 2018ರಲ್ಲಿ, ನನ್ನ ಮನೆಯ ಮೇಲಿನ 120 ಚದರಡಿ ಕೋಣೆಯ ಮೇಲೆ. ಅಂಗಡಿಯಲ್ಲಿ ಸಿಗುವ ಚೀಲದ ಸುಣ್ಣದ ಪುಡಿಯನ್ನು ತಂದೆ. ಬೇಗ ಗಟ್ಟಿಯಾಗಲೆಂದು ಮೇಸ್ತ್ರಿ ನನ್ನ ಕಣ್ಣು ತಪ್ಪಿಸಿ ಪ್ರತಿ ಸಲದ ಕಲಸಿಗೂ ಒಂದೊಂದು ಬಾಂಡ್ಲಿ ಸಿಮೆಂಟ್ ಸೇರಿಸಿದ. ಎರಡು ತಿಂಗಳಲ್ಲಿ ಕೂದಲೆಳೆಯಂಥ ಬಿರುಕುಗಳು ಜೇಡರ ಬಲೆಯಂತೆ ಹರಡಿದವು. ಎರಡನೆಯದು 2019ರ ಏಪ್ರಿಲ್‌ನಲ್ಲಿ, ಜೆ.ಪಿ. ನಗರದ ಗಿರಾಕಿಯೊಬ್ಬರ ಮನೆಯಲ್ಲಿ. ಸುಣ್ಣ ಒಳ್ಳೆಯದೇ ಇತ್ತು, ಆದರೆ ಬಡಿಸಿದ್ದು ಎರಡೇ ದಿನ. ಬಿಸಿಲಿಗೆ ಮೇಲ್ಪದರ ಒಣಗಿ ಒಳಗೆ ಹಸಿಯಾಗಿಯೇ ಉಳಿಯಿತು. ಜೂನ್‌ನಲ್ಲಿ ಅವರ ದೇವರಕೋಣೆಯ ಮೂಲೆ ಒದ್ದೆಯಾಯಿತು. ಕಿತ್ತು ಹಾಕಿಸಿ, ಸಿಮೆಂಟ್ ಕೋಬಾ (ಸಿಮೆಂಟ್ ಗಾರೆಯಲ್ಲಿ ಇಟ್ಟಿಗೆ ಚೂರು ಕೂರಿಸಿದ ಪದರ) ಮಾಡಿಸಿಕೊಟ್ಟದ್ದಕ್ಕೆ ನನ್ನ ಜೇಬಿನಿಂದ ಹೋದದ್ದು ಎಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲ.

ಪಾಠ ಸಿಕ್ಕಿದ್ದು ಬಸವನಗುಡಿಯಲ್ಲಿ ಕೆಡವುತ್ತಿದ್ದ ಹಳೆಯ ಮನೆಯೊಂದರಲ್ಲಿ. ಜಂತೆಗಳ ಮೇಲೆ ಇಟ್ಟಿಗೆಯನ್ನು ಓರೆ ಸಾಲಾಗಿ ನಿಲ್ಲಿಸಿ, ಮೇಲೆ ಗಾರೆ ಬಡಿದ ಮದ್ರಾಸ್ ತಾರಸಿ ಅದು. ಹಾರೆ ಹಾಕಿದಾಗ ಇಟ್ಟಿಗೆ ಜಲ್ಲಿಯೇ ಸೀಳುತ್ತಿತ್ತೇ ಹೊರತು ಸುಣ್ಣ ಬಿಡುತ್ತಿರಲಿಲ್ಲ. ಎರಡು ಮೂಟೆ ತುಂಡುಗಳನ್ನು ಮನೆಗೆ ತಂದು, ನೆನೆಸಿ, ಒಡೆದು ನೋಡಿದಾಗ ಹಳಬರ ಸುರ್ಕಿ, ಅಂದರೆ ಗಾರೆಗೆ ಬೆರೆಸುವ ಇಟ್ಟಿಗೆ ಪುಡಿ, ಎಷ್ಟು ನುಣುಪಾಗಿತ್ತೆಂಬುದು ತಿಳಿಯಿತು. ನಾನು ಅಲ್ಲಿಯವರೆಗೆ ಬಳಸಿದ್ದು ಹೆಚ್ಚು ಬೆಂದ ಇಟ್ಟಿಗೆಯ ಪುಡಿ. ಅದು ಸುಣ್ಣದೊಡನೆ ಬೆರೆಯದೆ ಬರೀ ಮರಳಿನಂತೆ ಬಿದ್ದಿರುತ್ತದೆ. ಮೂರನೆಯ ಸಲ, ಅಂದರೆ ಉತ್ತರಹಳ್ಳಿಯ ಮನೆಗೆ, ಸುರ್ಕಿಗೆ ಮಾಲೂರಿನ ಗೂಡೊಂದರಿಂದ ಯಾರೂ ಕೊಳ್ಳದ ಅರೆಬೆಂದ ಇಟ್ಟಿಗೆಯನ್ನೂ, ಜಲ್ಲಿಗೆ ಚೆನ್ನಾಗಿ ಬೆಂದದ್ದನ್ನೂ ತರಿಸಿದೆ. ಸುಟ್ಟ ಸುಣ್ಣಕಲ್ಲು ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಕಡೆಯದು. ಗುಂಡಿಯಲ್ಲಿ ನೀರು ಹಾಕಿ ಅರಳಿಸಿ, ನೀರಿನಡಿಯಲ್ಲಿ ಒಂದು ತಿಂಗಳು ಬಿಟ್ಟೆ. ಗಾಣ ಸಿಗದೆ, ಹೋಟೆಲೊಂದು ಮಾರಿದ ಹಳೆಯ ರುಬ್ಬುವ ಯಂತ್ರದಲ್ಲಿ ಗಾರೆ ಅರೆಯಲು ಹೋಗಿ ಮೋಟಾರ್ ಸುಟ್ಟುಕೊಂಡದ್ದು ಬೇರೆಯ ಕಥೆ, ಆರು ಸಾವಿರದ ಕಥೆ.

ಬಡಿತಕ್ಕೆ ಮಾಗಡಿ ಕಡೆಯ ಎಪ್ಪತ್ತು ದಾಟಿದ ಗಾರೆಯವರೊಬ್ಬರು ಬಂದರು. ಹನ್ನೆರಡು ಹೆಣ್ಣಾಳುಗಳು ಸಾಲಾಗಿ ಕುಳಿತು, ಅಳಲೆಕಾಯಿ-ಬೆಲ್ಲದ ನೀರು ಚಿಮುಕಿಸುತ್ತ ಮರದ ಹಲಗೆಯಿಂದ ಆರು ದಿನ ಬಡಿದರು. ನಾಲ್ಕನೆಯ ದಿನವೇ ನಾನು ಸಾಕೆಂದಾಗ ಆ ಹಿರಿಯರು, "ಹಲಗೆ ಕೈಯಲ್ಲಿ ಎಗರಬೇಕು ಸ್ವಾಮಿ, ಇನ್ನೂ ಕೂರ್ತಾ ಇದೆ" ಎಂದರು. ನಾಲ್ಕಂಗುಲ ಹಾಸಿದ್ದು ಮೂರಕ್ಕೆ ಇಳಿಯಿತು. ಅಳಲೆಕಾಯಿ ನೀರನ್ನು ಎಷ್ಟು ದಿನ ಹುಳಿಸಬೇಕು, ಕೊನೆಯ ನುಣುಪಿಗೆ ಏನು ಸೇರಿಸಬೇಕು ಎಂಬೆರಡನ್ನು ಅವರು ನನಗೆ ಹೇಳಿಕೊಟ್ಟರು; ಇಲ್ಲಿ ಬರೆಯುವುದಿಲ್ಲ. ಲೋಳೆಸರವಂತೂ ಅಲ್ಲ: ಅದನ್ನು ಸ್ನಾನದಮನೆಯ ಗೋಡೆಗೆ ಪ್ರಯೋಗಿಸಿ ಮೂರು ವಾರದಲ್ಲಿ ಬೂಷ್ಟು ಬೆಳೆಸಿದ್ದೇನೆ.

ಸುಮಾರು 700 ಚದರಡಿಗೆ ಒಂದು ಲಕ್ಷ ಮೂವತ್ತು ಸಾವಿರದಷ್ಟಾಯಿತು, ಅದರಲ್ಲಿ ಮೂರನೇ ಒಂದು ಪಾಲು ಬಡಿತದ ಕೂಲಿ. ಆಗಿನ ಸಿಮೆಂಟ್ ಕೋಬಾಕ್ಕಿಂತ ಚದರಡಿಗೆ ಎಪ್ಪತ್ತು ಎಂಬತ್ತು ರೂಪಾಯಿ ಹೆಚ್ಚು. ಚದರಡಿಗೆ 12-14 ಕೆಜಿ ಭಾರ ಬೀಳುತ್ತದಾದ್ದರಿಂದ, ಚಾವಣಿಯ ಕಂಬಿ ಕಟ್ಟುವ ಮೊದಲೇ ಎಂಜಿನಿಯರಿಗೆ ತಿಳಿಸಿರಬೇಕು. ವಾಟ ನೀರಿನ ಕೊಳವೆಯ ಕಡೆಗೆ, ಕೈಗೋಡೆ ಸೇರುವ ಮೂಲೆ ಗುಂಡಗೆ. ಇವು ನಿಮಗೆ ಗೊತ್ತಿರುವುದೇ. ಹದಿನೈದು ದಿನ ಒದ್ದೆ ಗೋಣಿ ತೆಗೆಯಲಿಲ್ಲ. ಏಪ್ರಿಲ್ ಮಧ್ಯಾಹ್ನ ಒಳಚಾವಣಿ, ಪಕ್ಕದ ಮನೆಯದಕ್ಕಿಂತ ಮೂರು ನಾಲ್ಕು ಡಿಗ್ರಿ ತಂಪಾಗಿದ್ದುದನ್ನು ಅಳೆದು ನೋಡಿದ್ದೇನೆ.

ಕಳೆದ ವರ್ಷ ಸೋಲಾರ್ ಹೀಟರ್ ಕೂರಿಸಲು ಬಂದವರು ನನ್ನನ್ನು ಕೇಳದೆ ನಾಲ್ಕು ರಂಧ್ರ ಕೊರೆದಿದ್ದರು. ಉಳಿಸಿಟ್ಟಿದ್ದ ಅದೇ ಗುಂಡಿಯ ಸುಣ್ಣದಿಂದ ಮುಚ್ಚಿ, ಒಂದು ಸಂಜೆಯಿಡೀ ನಾನೇ ಕುಳಿತು ಬಡಿದೆ.